ಬಾಣಂತಿಗೊಂದು ಚೊಂಬು ನೀರು

ನನ್ನ ಮೊದಲ ಬಾಣಂತನ ಆದದ್ದು ಶಾಂತಿಗ್ರಾಮದ ತೌರುಮನೆಯಲ್ಲಿ, ಆ ದೊಡ್ಡ ಯುದ್ಧ ಶುರುವಾದ ವರ್ಷ. ನಮ್ಮವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಹಾಗಾಗಿ ನನ್ನ ಆರೈಕೆಯೆಲ್ಲ ನಮ್ಮಪ್ಪ ಪಂಚಾಕ್ಷರಯ್ಯನ ತಾಯಿ ಸುವರ್ಣಜ್ಜಿಯದು. ಮೈಗೆ ಎಣ್ಣೆ ನೀವಿ ಹಂಡೆಗಟ್ಟಲೆ ಬಿಸಿನೀರು ಹುಯ್ಯುವಳು. ಕುಡಿಯೋದಕ್ಕೆ ಮಾತ್ರ, ಮಗುವಿಗೆ ಔಷಧಿ ಹಾಕುವ ಒಳಲೆಯಷ್ಟು. ಬಾಣಂತಿ ನೀರು ಕುಡಿದರೆ ಕೂಸಿಗೆ ಶೀತ ಅನ್ನೋಳು. ಊಟಕ್ಕೂ ಒಂದು ಹಿಡಿ ಅನ್ನ, ಮೆಣಸಿನ ಸಾರು, ಅಷ್ಟೇ.

ಎದ್ದು ನಿಂತರೆ ನನಗೆ ಕಣ್ಣು ಕತ್ತಲೆ ಬರೋದು. ಹಾಲು ಸಾಲದು. ಮಗಳು ಎರಡು ಸಲ ಚೀಪಿ, ಬಿಟ್ಟು, ಅಳೋಳು. ದಿನದಿನಕ್ಕೆ ಅವಳ ತೊಡೆ ಸೊರಗುತ್ತಿತ್ತು.

ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಅಂಗಡಿ ಇಟ್ಟಿದ್ದ ನಮ್ಮ ಯಜಮಾನರು, ಇದರಿಂದ ಶಕ್ತಿ ಬರುತ್ತಂತೆ ಅಂತ ಕಾಫಿಪುಡಿ ತಂದುಕೊಟ್ಟರು. ಕುಡಿದಾಗ ಒಂದು ಗಳಿಗೆ ಹಗುರ ಅನ್ನಿಸೋದು, ಆಮೇಲೆ ಕೈ ನಡುಗೋದು. ಮಗು ಕಣ್ಣೇ ಮುಚ್ಚಲಿಲ್ಲ. ಅಜ್ಜಿ ಆ ಡಬ್ಬಿ ಕಿತ್ತುಕೊಂಡು ಹೋದಳು. ಅವತ್ತಿನಿಂದ ಅಡಿಗೆಮನೆ ಕಡೆಯಿಂದ ಎರಡು ಹೊತ್ತೂ ಕಾಫಿ ವಾಸನೆ ಬರೋದು.

ಅಜ್ಜಿಗೆ ಒಂದು ಮಾತು ಹೇಳಪ್ಪಾ ಅಂತ ಅಪ್ಪನನ್ನು ಕೇಳಿಕೊಂಡೆ. ಅವನು, ತನಗಿಂತ ಮುಂಚೆ ಒಬ್ಬ ಅಣ್ಣ ಹುಟ್ಟಿದ್ದನೆಂದೂ, ಎದೆ ಕಟ್ಟಿ ಎಳೆಗೂಸಾಗಿಯೇ ಹೋದನೆಂದೂ, ನೀನು ನೀರು ಕುಡಿದಿದ್ದಕ್ಕೇ ಹೀಗಾಯಿತು ಅಂತ ಜನ ಅಜ್ಜಿಯನ್ನು ಆಡಿಕೊಂಡರೆಂದೂ ಹೇಳಿದ.

ಆ ವಾರವೇ ನಮ್ಮ ಕೆಂದ ಹಸು ಕರು ಹಾಕಿತು. ಕೊಟ್ಟಿಗೆ ನನ್ನ ಕೋಣೆಗೆ ಗೋಡೆಯಾಚೆ. ಅಜ್ಜಿ ತೌಡು, ಬೆಲ್ಲ ಕಲೆಸಿದ ಬೆಚ್ಚನೆ ನೀರನ್ನು ಬಾನಿ ತುಂಬ ತಂದಳು. ಅಪ್ಪ ತಡೆದದ್ದು ಕೇಳಿಸಿತು.

"ಬ್ಯಾಡ ಬುಡವ್ವ. ಇಷ್ಟು ನೀರು ಕುಡುದ್ರೆ ಕರೀಗೆ ಸೀತ ಆದಾತು."

"ತಲೆ ಕೆಟ್ಟೈತೇನ್ಲಾ ನಿಂಗೆ? ಬಾಯಾರಿದ ಅಸ ಆಲ್ನ ಎಲ್ಲಿಂದ ತಂದಾತು?"

ಆಮೇಲೆ ಹಸು ಬಾನಿಯಲ್ಲಿ ಸೊರಸೊರ ಹೀರುವುದಷ್ಟೇ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಅಜ್ಜಿ ಒಳಗೆ ಬಂದಳು. ಕೈಯಲ್ಲಿ ಜೀರಿಗೆ ಹಾಕಿ ಕಾಯಿಸಿದ ನೀರಿನ ಚೊಂಬು. ನನ್ನ ಮುಖ ನೋಡಲಿಲ್ಲ.

"ಕುಡಿ ಮಗ. ನಿಧಾನಕ್ಕೆ."

ಕುಡಿದೆ. ಮಗುವಿಗೆ ಹಾಲು ಕೊಟ್ಟ ಮೇಲೆ ಅಜ್ಜಿ ಅವಳನ್ನು ತೊಡೆ ಮೇಲೆ ಹಾಕಿಕೊಂಡು, ಎದೆ ಮೇಲೆ ಅಂಗೈ ಇಟ್ಟು, ಕೆಮ್ಮು ಬಂತೇನೋ ಅಂತ ದೀಪ ಹಚ್ಚೋ ಹೊತ್ತಿನವರೆಗೂ ಕೂತಿದ್ದಳು. ಊಟಕ್ಕೂ ಏಳಲಿಲ್ಲ. ಮಗು ನಿದ್ದೆ ಹೋಯಿತು, ಕೆಮ್ಮಲಿಲ್ಲ.

ಆಮೇಲೆ ಹಾಲು ಹಾಕಿದ ರಾಗಿಗಂಜಿ, ತೊವ್ವೆ, ಸೊಪ್ಪಿನ ಪಲ್ಯ, ತುಪ್ಪ ಎಲ್ಲಾ ಬಂತು. ಮಗುವನ್ನು ತಾನು ಎತ್ತಿಕೊಂಡು ನನ್ನನ್ನು ಹಗಲಲ್ಲೂ ಮಲಗಿಸೋಳು. ಕಣ್ಣು ಕತ್ತಲೆ ಬರೋದು ನಿಂತಿತು. ಒಂದು ಬೆಳಿಗ್ಗೆ ನನ್ನ ರವಿಕೆ ಹಾಲಿಗೆ ನೆನೆದದ್ದು ನೋಡಿ ಅಜ್ಜಿ ಅಪ್ಪನನ್ನು ಕರೆದಳು.

"ನಿನ್ನ ಅಸೀಗಿಂತ ನಿನ್ನ ಮಗ್ಳೇ ವಾಸಿ ಕಣ್ಲಾ."

ಹಾಗಂದು, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ನನಗೆ ಇನ್ನೊಂದು ಚೊಂಬು ನೀರು ಕಾಯಿಸಲು ಒಲೆ ಮುಂದೆ ಕೂತಳು.