ಕಪ್ಪು ಗೋಡೆ, ಕಪ್ಪು ಕೋಟು

ನಮ್ಮ ಕಾರ್ಖಾನೆಯಲ್ಲಿ ಆಸ್ಪತ್ರೆಗಳಿಗೆ ಎಕ್ಸ್‌ರೇ ನೋಡುವ ಪರದೆಗಳು ತಯಾರಾಗುತ್ತವೆ. ಅವನ್ನು ಕತ್ತಲೆ ಕೋಣೆಗೆ ಹೊತ್ತು ತರುವುದು, ಪಾಸಾದದ್ದನ್ನು ಪೆಟ್ಟಿಗೆಗೆ ತುಂಬುವುದು ನನ್ನ ಕೆಲಸ. ಪಾಸೋ ಫೇಲೋ ಹೇಳುವವಳು ಕತ್ತಲಕ್ಕ. ಹನ್ನೊಂದು ವರ್ಷ ಆ ಕೋಣೆಯಲ್ಲೇ ಕೂತದ್ದಕ್ಕೆ ಬಂದ ಹೆಸರದು. ಮನೆಯವರು ಇಟ್ಟದ್ದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಪರದೆಯ ಮೇಲೆ ಚದುರಂಗದ ಹಾಸಿನಂತೆ ಕಪ್ಪು ಬಿಳಿ ಚೌಕ ಮೂಡಿಸಿ, ಎರಡೂ ಎಷ್ಟೆಷ್ಟು ಬೆಳಗುತ್ತವೆ ಎಂದು ಮೀಟರಿನಲ್ಲಿ ಅಳೆಯುತ್ತಾಳೆ. ಕಪ್ಪೂ ಚೂರು ಬೆಳಗುತ್ತದೆ. ಪೂರ್ತಿ ಕಪ್ಪು ಅಂತ ಯಾವುದೂ ಇಲ್ಲ ಎನ್ನುತ್ತಾಳೆ ಅಕ್ಕ. ಮನುಷ್ಯರ ಬಗ್ಗೆಯೂ ಅದನ್ನೇ ಹೇಳುತ್ತಾಳೆ. ಬಿಳಿಯನ್ನು ಕಪ್ಪಿನಿಂದ ಭಾಗಿಸಿದರೆ ಸಾವಿರ ದಾಟಬೇಕು. ದಾಟದಿದ್ದರೆ ಡಾಕ್ಟರಿಗೆ ಮೂಳೆಯ ಸಣ್ಣ ಬಿರುಕು ಕಾಣದೆ ಹೋದೀತು.

ಒಳಗೆ ಬರುವವರು ಕಪ್ಪು ಕೋಟು ತೊಡಬೇಕೆಂಬುದು ನಿಯಮ. ಕಪ್ಪು ಗೋಡೆಗೆ ಕಪ್ಪು ಮೊಳೆ, ಅದರಲ್ಲಿ ಕೋಟು.

ಹೊಸ ಮ್ಯಾನೇಜರ್ ಸೋಮವಾರ ಬಿಸಿಲಿನಿಂದ ನೇರ ಒಳಗೆ ಬಂದರು. ಬಿಳಿ ಅಂಗಿ, ಅದರ ಇಸ್ತ್ರಿಯ ಗೆರೆಗೆ ಬೆರಳು ಕೊಯ್ದುಕೊಳ್ಳಬಹುದಿತ್ತು. ಅಕ್ಕ ಕೋಟಿನ ಕಡೆ ಕೈ ತೋರಿಸಿ, ಅದು ನಿಮಗೆ ಸಾರ್ ಎಂದಳು. ಅವರು ಹೂಂ ಎಂದು ತಲೆಯಾಡಿಸಿ, ಗೋಡೆಗೆ ಭುಜ ತಾಗಿಸಿಕೊಂಡು, ಹಾಗೇ ಪರದೆಯ ಮುಂದೆ ಬಂದು ನಿಂತರು. ಅಳೆದರೆ ಏಳುನೂರು ಬಂತು. ಮಂಗಳವಾರ ಆರುನೂರ ತೊಂಬತ್ತು. ಅವರು ಊಟಕ್ಕೆ ಹೋದಾಗ ಅದೇ ಪರದೆ ಸಾವಿರದ ಇನ್ನೂರು.

"ನಾನಿದ್ರೆ ಫೇಲು, ನಾನಿಲ್ದಿದ್ರೆ ಪಾಸು. ಇದರರ್ಥ ಏನಮ್ಮಾ?"

ಅರ್ಥ ಅಕ್ಕನಿಗೆ ಗೊತ್ತಿತ್ತು. ಮೇಲಿನವರಿಗೆ ನಿಮ್ಮ ಅಂಗಿಯದ್ದೇ ತಪ್ಪು ಎಂದು ಯಾವ ಬಾಯಲ್ಲಿ ಹೇಳುವುದು? ಅವರೇ ಅರ್ಥ ಹೇಳಿದರು: ಇಷ್ಟು ವರ್ಷ ಸುಳ್ಳು ಅಂಕಿ ಬರೆದಿದ್ದೀರಿ. ಶುಕ್ರವಾರ ಕೊನೆಯ ಪರೀಕ್ಷೆ. ಆಗಲೂ ಫೇಲಾದರೆ ಅಕ್ಕನ ಸಹಿ ನಡೆಯುವುದಿಲ್ಲ, ಪ್ಯಾಕಿಂಗಿಗೆ ಹೋಗಬೇಕು. ಪ್ಯಾಕಿಂಗ್ ಕೆಟ್ಟ ಕೆಲಸವೇನಲ್ಲ, ನಾನೇ ಮಾಡುತ್ತಿದ್ದೇನೆ. ಆದರೆ ಅಕ್ಕ ಅವತ್ತು ಊಟದ ಡಬ್ಬಿ ತೆರೆಯಲೇ ಇಲ್ಲ.

ಹೇಳಿಬಿಡು ಎಂದೆ. ಹತ್ತು ಜನ ತೊಟ್ಟ ಕೋಟು ಅಂತ ಅವರು ಮುಟ್ಟಲಿಲ್ಲ, ಈಗ ಹೇಳಿದರೆ ನೆಪ ಅಂತಾರೆ ಎಂದಳು. ಬಿಸಿಲಿನಿಂದ ಬಂದು ಗೋಡೆಯೇ ಕಾಣದವರಿಗೆ ಕೋಟೆಲ್ಲಿ ಕಂಡೀತು ಎಂದೆ.

ಅಕ್ಕ ಥಟ್ಟನೆ ನನ್ನ ಕಡೆ ತಿರುಗಿದಳು. "ನಿನ್ನ ತಲೇಲೂ ಒಮ್ಮೊಮ್ಮೆ ದೀಪ ಹತ್ತುತ್ತೆ ಕಣೋ."

ಶುಕ್ರವಾರ ಮ್ಯಾನೇಜರಿಗೆ ಕುರ್ಚಿ ಕೊಟ್ಟು, ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು ಎಂದಳು. ಬಾಗಿಲು ಮುಚ್ಚಿದೆ. ಮೀಟರಿನ ಕೆಂಪು ಚುಕ್ಕೆ ಬಿಟ್ಟರೆ ಬೆಳಕಿಲ್ಲ. ಯಾರದೋ ಹೊಟ್ಟೆ ಗುರುಗುಟ್ಟಿತು. ಯಾರದೆಂದು ಮೂವರಿಗೂ ಗೊತ್ತಿತ್ತು. ಹದಿನೈದನೇ ನಿಮಿಷಕ್ಕೆ ಮ್ಯಾನೇಜರ್ ಮುಂದೆ ಬಾಗಿದರು.

"ಬಾಗಿಲ ಪಕ್ಕ ಯಾರೋ ನಿಂತಿದಾರೆ."

"ಕೋಟು ಸಾರ್. ಸೋಮವಾರದಿಂದ ನಿಂತಿದೆ."

ಅವರು ಎದ್ದು ಹೋಗಿ ಮುಟ್ಟಿ ನೋಡಿದರು. ಅಕ್ಕ ಮೊದಲು ಅಂಗಿಯಲ್ಲೇ ನಿಲ್ಲಿಸಿ ಅಳೆದಳು: ಏಳುನೂರು. ಕೋಟು ತೊಡಿಸಿ ಅಳೆದಳು: ಸಾವಿರದ ಇನ್ನೂರ ಹತ್ತು. ಪರದೆಯ ಬೆಳಕು ಅಂಗಿಗೆ ಬಿದ್ದು ಪರದೆಗೇ ವಾಪಸ್ ಬರುತ್ತೆ, ತುಂಬಿದ ಕೊಡಕ್ಕೆ ಚಮಚ ನೀರು ಸೇರಿದರೆ ಲೆಕ್ಕಕ್ಕಿಲ್ಲ, ಒಣಗಿದ ಲೋಟಕ್ಕೆ ಸೇರಿದರೆ ಗೊತ್ತಾಗುತ್ತೆ, ಬಿಳಿ ಚೌಕ ಕೊಡ, ಕಪ್ಪು ಚೌಕ ಲೋಟ ಎಂದಳು.

ಮ್ಯಾನೇಜರ್ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡರು. ಚೀಟಿಯಲ್ಲಿ ಅಕ್ಕನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ನಾನು ಮುಂದಿನ ಪರದೆ ತಂದಿಟ್ಟೆ.

"ಅವತ್ತು ಕೋಟು ತೋರಿಸಿದಾಗ ತಲೆಯಾಡಿಸಿದ್ರಲ್ಲ ಸಾರ್?" ಎಂದಳು ಅಕ್ಕ.

"ಬಂದ ದಿನವೇ ಏನೂ ಕಾಣ್ತಿಲ್ಲ ಅಂತ ಹೇಗೆ ಹೇಳೋದಮ್ಮಾ?" ಎಂದು ನಕ್ಕುಬಿಟ್ಟರು.

ಅಕ್ಕ ಮೀಟರಿನಿಂದ ಕಣ್ಣು ತೆಗೆಯಲಿಲ್ಲ.

"ಅಳತೆ ಮುಗಿಯೋವರೆಗೆ ನಗಬೇಡಿ ಸಾರ್. ಹಲ್ಲೂ ಬಿಳೀನೇ."