ಬೈಬಲಿಗೆ ಸೇರದ ಗುಬ್ಬಿಗಳು

"ನೀನು ಮೊದಲು ಹೋದ್ರೆ ಆ ಗುಬ್ಬಿ ಕತೇನ ನಿನ್ನ ಪೆಟ್ಟಿಗೆ ಮುಂದೆ ಒಂದು ಸಲ ನಾನೇ ಓದ್ತೀನಿ" ಎಂದು ಪಾದ್ರಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರನಿಗೆ ಮಾತು ಕೊಟ್ಟಾಗ ಇಬ್ಬರಿಗೂ ತಲೆ ತುಂಬ ಕಪ್ಪು ಕೂದಲಿತ್ತು. ಈಗ ಬೈಂಡರ್ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಪಾದ್ರಿ ನಿಲುವಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಸತ್ತವನ ಅಕ್ಕ, ಎಲ್ಲರಿಗೂ ದೊಡ್ಡಕ್ಕ, ಬಾಗಿಲಿಗೆ ಅಡ್ಡ ನಿಂತಿದ್ದಳು.

"ಬೈಬಲ್‌ನಲ್ಲಿ ಇಲ್ಲದ್ದನ್ನ ನನ್ನ ತಮ್ಮನ ಮುಂದೆ ಓದಿದ್ರೆ ನಾನು ಎದ್ದು ಹೋಗ್ತೀನಿ, ಫಾದರ್. ನನ್ನ ಹಿಂದೆ ಅರ್ಧ ಚರ್ಚ್ ಎದ್ದು ಬರುತ್ತೆ."

ಸುಳ್ಳಲ್ಲ. ಬರುತ್ತಿತ್ತು.

"ಮಾತು ಕೊಟ್ಟುಬಿಟ್ಟಿದ್ದೀನಲ್ಲ, ದೊಡ್ಡಕ್ಕ."

"ಅವನೇನು ಈಗ ಎದ್ದು ಬಂದು ಕೇಳ್ತಾನಾ?"

"ಬಂದ್ರೂ ಬಂದಾರು ಅತ್ತಿಗೆ, ಅವರನ್ನ ನಂಬೋ ಹಾಗಿಲ್ಲ" ಎಂದು ಬೈಂಡರನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

*

ಆ ಕಪ್ಪು ಕೂದಲಿನ ಕಾಲದಲ್ಲಿ ಪಾದ್ರಿ ರಿಪೇರಿಗೆ ಕೊಟ್ಟಿದ್ದ ಹಳೆಯ ಪುಸ್ತಕವನ್ನು ಬೆನ್ನಿನ ಅಂಟು ಒಣಗುವಷ್ಟರಲ್ಲಿ ಬೈಂಡರ್ ಓದಿ ಮುಗಿಸಿದ್ದ. ಬೈಬಲಿಗೆ ಸೇರದೆ ಹೊರಗುಳಿದ ಬರಹಗಳು. ಒಂದರಲ್ಲಿ ಬಾಲಯೇಸು ಮಣ್ಣಿನ ಗುಬ್ಬಿ ಮಾಡಿ, ವಿಶ್ರಾಂತಿಯ ದಿನ ಕೆಲಸ ಮಾಡಿದನೆಂದು ಬೈಸಿಕೊಂಡು, ಚಪ್ಪಾಳೆ ತಟ್ಟಿ ಎಲ್ಲವನ್ನೂ ಹಾರಿಸಿಬಿಡುತ್ತಾನೆ.

"ಇಷ್ಟು ಚೆಂದದ್ದನ್ನ ಯಾರು ಹೊರಗೆ ಹಾಕಿದ್ದು ಫಾದರ್?"

"ಯಾರೋ ಒಬ್ಬರಲ್ಲ ಕಣಯ್ಯ. ನೂರಾರು ವರ್ಷ ಕಿತ್ತಾಡಿದ್ದಾರೆ. ಶಿಷ್ಯರ ಕಾಲದ್ದಾ, ನಂಬಿಕೆಗೆ ಹೊಂದುತ್ತಾ, ಸಭೆಗಳಲ್ಲಿ ಓದಿಸಿ ಕೇಳ್ತಿದ್ರಾ ಅಂತೆಲ್ಲ ನೋಡಿದ್ರು. ಇದು ಆಮೇಲೆ ಯಾರೋ ಕಟ್ಟಿದ್ದು."

ಅಂದಿನಿಂದ ಬೈಂಡರ್ ಕಟ್ಟಿದ ಪ್ರತಿ ಬೈಬಲಿನ ಕೊನೆಯಲ್ಲೂ ಒಂದೆರಡು ಖಾಲಿ ಹಾಳೆ ಹೆಚ್ಚಿಗೆ ಇರುತ್ತಿದ್ದವು. ಪಾದ್ರಿ ಕೇಳಿದರೆ, "ಹೊರಗೆ ನಿಂತೋರು ಯಾವತ್ತಾದ್ರೂ ಬಂದ್ರೆ ಕೂರೋಕೆ ಜಾಗ ಬೇಡ್ವಾ?" ಎನ್ನುತ್ತಿದ್ದ.

*

ಪಾದ್ರಿ ಬೈಬಲ್ ಓದಿದರು, ಪ್ರಾರ್ಥಿಸಿದರು, ಬೈಬಲ್ ಮುಚ್ಚಿದರು. ಆ ಹಳೆಯ ಪುಸ್ತಕ ತೆಗೆದರು. ಮುಂದಿನ ಸಾಲಿನಲ್ಲಿ ದೊಡ್ಡಕ್ಕ ಚೀಲವನ್ನು ತೊಡೆಯ ಮೇಲೆಳೆದುಕೊಂಡಳು.

"ಇನ್ನು ಓದೋದು ಬೈಬಲ್ ಅಲ್ಲ. ಬರೀ ಕತೆ. ನಮ್ಮ ಬೈಂಡರ್ ಕೇಳಿದ್ದ."

ಮೊದಲ ಸಾಲಿಗೇ ದೊಡ್ಡಕ್ಕ ಎದ್ದಳು. ಹಿಂದೆ ಬೆಂಚುಗಳು ಕಿರುಗುಟ್ಟಿದವು. ಪಾದ್ರಿ ತಲೆಯೆತ್ತದೆ ಓದಿದರು. ಗುಬ್ಬಿಗಳು ಚಿಲಿಪಿಲಿಗುಟ್ಟುತ್ತ ಹಾರಿಹೋದಾಗ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು.

ದೊಡ್ಡಕ್ಕ ನಡುದಾರಿಯಲ್ಲಿ ನಿಂತುಬಿಟ್ಟಳು.

"ಇದಾ? ಚಿಕ್ಕೋನಿದ್ದಾಗ ನಾನು ನಾದಿಟ್ಟ ಹಿಟ್ಟನ್ನೆಲ್ಲ ಕದ್ದು ಗುಬ್ಬಿ ಮಾಡ್ತಿದ್ದ, ದರಿದ್ರದೋನು. ಒಂದೂ ಹಾರ್ಲಿಲ್ಲ."

ಅವಳು ವಾಪಸು ಬಂದು ಕೂತಳು. ಅರ್ಧ ಚರ್ಚೂ ಕೂತಿತು.

"ಏಳೋ ಗಡಿಬಿಡೀಲಿ ಮೊದಲರ್ಧ ಕೇಳಿಸ್ಲಿಲ್ಲ ಫಾದರ್. ಇನ್ನೊಂದ್ಸಲ ಓದಿ."

ಮಾತು ಕೊಟ್ಟದ್ದು ಒಂದು ಸಲಕ್ಕೆ. ಪಾದ್ರಿ ಎರಡು ಸಲ ಓದಿದರು.