ಕೆಲಸ ಬಿಟ್ಟ ಹದಿನಾಲ್ಕು ಮಂದಿ

"ಈ ಹದಿನಾಲ್ಕು ಜನರನ್ನ ಕೈಬಿಡಿ," ಎಂದು ಅಧ್ಯಯನ ಸಂಸ್ಥೆಯ ನಿರ್ದೇಶಕರು ಕಾಗದದ ಕಟ್ಟನ್ನು ಮೇಜಿನ ಆಚೆಗೆ ತಳ್ಳಿದರು. "ಮಾಹಿತಿ ಅಪೂರ್ಣ ಅಂತ ಹಾಕಿ, ಮುಗೀತು."

ಸಂಶೋಧಕಿ ಕಟ್ಟನ್ನು ಮುಟ್ಟಲಿಲ್ಲ. ಎರಡು ವರ್ಷದಿಂದ ಒಂದು ಬಡಾವಣೆಯ ಮುನ್ನೂರು ಜನರಿಗೆ, ಬಡವ ಬಲ್ಲಿದ ಎನ್ನದೆ, ತಿಂಗಳು ತಿಂಗಳೂ ಒಂದೇ ಮೊತ್ತ ಹೋಗುತ್ತಿತ್ತು. ಅದನ್ನು ಏನು ಮಾಡಿದಿರಿ ಎಂದು ಯಾರೂ ಗದರುವಂತಿರಲಿಲ್ಲ. ಇಡೀ ದೇಶಕ್ಕೇ ಹೀಗೆ ಕೊಟ್ಟರೆ ನಡೆದೀತೇ ಎಂದು ತಿಳಿಯಲು ಆ ಮನೆಗಳನ್ನು ಸುತ್ತಿ ಚಪ್ಪಲಿ ಸವೆಸಿದವಳು ಅವಳು. ನಡೆಯುತ್ತದೆ ಎಂದೇ ಅವಳ ನಂಬಿಕೆ. ಹೆಚ್ಚಿನವರ ಉತ್ತರಗಳೂ ಹಾಗೇ ಇದ್ದವು. ಆದರೆ ಹಣ ಬರತೊಡಗಿದ ಮೇಲೆ ಹದಿನಾಲ್ಕು ಮಂದಿ ಕೆಲಸ ಬಿಟ್ಟಿದ್ದರು.

"ಅಪೂರ್ಣ ಹೇಗಾಗುತ್ತೆ ಸರ್? ಎಲ್ಲಾ ಪ್ರಶ್ನೆಗೂ ಉತ್ತರ ಕೊಟ್ಟಿದಾರೆ."

"ಅದೇ ತಲೆನೋವು. ಪುಕ್ಕಟೆ ದುಡ್ಡು ಕೊಟ್ರೆ ಜನ ಕಾಲು ಚಾಚಿ ಮಲಗ್ತಾರೆ ಅಂತ ಪೇಪರ್‌ನೋರು ದಪ್ಪಕ್ಷರದಲ್ಲಿ ಹಾಕ್ತಾರೆ. ಯೋಜನೆಗೆ ಅಲ್ಲಿಗೇ ಎಳ್ಳುನೀರು. ನಮ್ಮಿಬ್ಬರ ಆಸೆನೂ ಒಂದೇ ತಾನೆ?"

ಒಂದೇ ಆಗಿತ್ತು. ಅವಳಿಗೆ ಇರಿಸುಮುರಿಸಾದದ್ದೂ ಅದಕ್ಕೇ.

"ಶುಕ್ರವಾರದವರೆಗೆ ಟೈಮ್ ಕೊಡಿ. ಹದಿನಾಲ್ಕೂ ಮನೆಗೆ ಇನ್ನೊಂದ್ಸಲ ಹೋಗ್ಬರ್ತೀನಿ. ಬಿಟ್ರಾ ಅಂತ ಕೇಳಿದೀವಿ, ಯಾಕೆ ಬಿಟ್ರಿ ಅಂತ ಕೇಳೇ ಇಲ್ಲ."

ಮೂರು ದಿನ ನಡೆದಳು. ರಾತ್ರಿ ಪಾಳಿಯ ಕಾವಲುಗಾರನೊಬ್ಬ ವೈರಿಂಗ್ ಕಲಿಯಲು ಸೇರಿದ್ದ. ಬಣ್ಣದ ಕಾರ್ಖಾನೆ ಬಿಟ್ಟ ಹುಡುಗಿ ಕೆಮ್ಮು ಕಡಿಮೆಯಾಗಿದೆ ಎಂದಳು. ಒಬ್ಬನಂತೂ ಕೇರಂ ಬೋರ್ಡಿನಿಂದ ತಲೆ ಎತ್ತದೆ, "ಮನಸ್ಸಾಗ್ಲಿಲ್ಲ, ಬಿಟ್ಟೆ. ಹಾಗೇ ಬರ್ಕೊಳಿ" ಎಂದ. ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅವನು ಹೇಳಿದ್ದನ್ನೇ ಬರೆದಳು.

ಕೊನೆಯ ಮನೆ ಸೋಪಕ್ಕನದು. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳಿಗೆ ಓಣಿಯವರಿಟ್ಟ ಹೆಸರು. ಒಳಗೆ ಆಗಲೇ ಅಕ್ಕಪಕ್ಕದ ನಾಲ್ಕು ಜನ ಸೇರಿದ್ದರು. ಸುದ್ದಿ ಸಂಶೋಧಕಿಗಿಂತ ಮೊದಲೇ ಬಂದು ಕೂತಿತ್ತು.

"ಮಂಡಿ ನೋವು ಅಂತ ಹೇಳಿ ಅತ್ತೆ," ಎಂದು ಸೊಸೆ ಪಿಸುಗುಟ್ಟಿದಳು. ಪಿಸುಮಾತು ಬಾಗಿಲವರೆಗೂ ಕೇಳಿಸಿತು.

"ನನ್ನ ಮಂಡಿಗೇನಾಗಿದೆ, ಕಲ್ಲಿದ್ದ ಹಾಗಿದೆ," ಎಂದ ಸೋಪಕ್ಕ ಸಂಶೋಧಕಿಯತ್ತ ತಿರುಗಿದಳು. "ನಾನು ನಿಜ ಹೇಳಿದ್ರೆ ಎಲ್ರಿಗೂ ಬರೋದು ನಿಂತೋಗುತ್ತಂತೆ. ಹೌದೇನಮ್ಮಾ?"

ಇಲ್ಲ ಎಂದರೆ ಎಲ್ಲರ ಮುಖವೂ ಸಡಿಲವಾಗುತ್ತಿತ್ತು.

"ನಿಲ್ಲಬಹುದು ಅಕ್ಕಾ," ಎಂದಳು ಸಂಶೋಧಕಿ. "ನಿಲ್ಲಲ್ಲ ಅಂತ ನಿಮಗೆ ಸುಳ್ಳು ಹೇಳಿ, ನಿಮ್ಮಿಂದ ನಿಜ ಕೇಳೋಕೆ ನನಗೆ ಮುಖ ಇರಲ್ಲ."

ಸೋಪಕ್ಕ ತನ್ನ ಅಂಗೈಗಳನ್ನು ನೋಡಿಕೊಂಡಳು. ಬಿಸಿ ನೀರು, ಬ್ಲೀಚಿಂಗ್ ಪುಡಿ ತಿಂದು ಗೆರೆಗಳೇ ಅಳಿಸಿಹೋದ ಅಂಗೈ.

"ಹಾಗಾದ್ರೆ ಬರ್ಕೋ. ಸಾಕು ಅಂತ ನನಗೆ ಎಷ್ಟೋ ವರ್ಷದಿಂದ ಅನ್ನಿಸ್ತಿತ್ತು. ಅನ್ನಿಸಿದ್ರೂ ಅನ್ನೋ ಹಾಗಿರ್ಲಿಲ್ಲ. ಈಗ ಅಂದೆ, ಅಷ್ಟೇ."

"ಈಗ ಏನ್ಮಾಡ್ತೀರಿ?"

"ಏನೂ ಮಾಡಲ್ಲ. ಬೆಳಗ್ಗೆ ಎದ್ದು ಕೂತ್ಕೋತೀನಿ. ಇವಳು ಮೂದಲಿಸ್ತಾಳೆ," ಎಂದು ಸೊಸೆಯ ಕಡೆ ಗದ್ದ ಎತ್ತಿ ತೋರಿಸಿದಳು. ಪಕ್ಕದ ಮನೆಯಾಕೆ ಕಿಸಕ್ಕನೆ ನಕ್ಕಳು. "ಇನ್ನೊಂದು ಮಾತು. ನಾನು ಬಿಟ್ಮೇಲೆ ಆ ಕೂಲಿಗೆ ಯಾರೂ ಬರ್ಲಿಲ್ವಂತೆ. ನಾನೊಬ್ಳೇ ಎತ್ತುತ್ತಿದ್ದ ಒದ್ದೆ ಗಂಟಿಗೆ ಈಗ ಕೂಲಿ ಜಾಸ್ತಿ ಮಾಡಿ ಇಬ್ಬರನ್ನ ಇಟ್ಟಿದಾರೆ. ಅದನ್ನೂ ಹಾಕು."

ಶುಕ್ರವಾರ ನಿರ್ದೇಶಕರು ಹದಿನಾಲ್ಕೂ ಹಾಳೆ ಓದಿದರು. ಸೋಪಕ್ಕನದನ್ನು ಎರಡು ಸಲ ಓದಿದರು. "ಈಯಮ್ಮನಿಗೆ ಒಂದು ಕಾಯಿಲೆನಾದ್ರೂ ಇರಬಾರದಿತ್ತೇ?"

"ಗಟ್ಟಿಮುಟ್ಟಾಗಿದಾರೆ ಸರ್. ಇವರನ್ನ ಬಿಟ್ಟು ವರದಿ ಕಳಿಸೋದಾದ್ರೆ ನನ್ನ ಹೆಸರನ್ನೂ ಬಿಟ್ಬಿಡಿ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಕೇರಂ ಆಡೋನನ್ನೂ ಸೇರಿಸ್ಬೇಕಾ?" ಎಂದರು.

"ಅವನನ್ನೂ."

ವರದಿ ಹಾಗೇ ಹೋಯಿತು. ಒಂದು ಪತ್ರಿಕೆ ದಪ್ಪಕ್ಷರದಲ್ಲಿ ಬರೆದೂ ಬರೆಯಿತು. ಹಣ ಕೊಡುವ ಮಂಡಳಿಯವರು ಮೂರು ಸಭೆಗಳಲ್ಲಿ ಜಗಳವಾಡಿ, ನಿಲ್ಲಿಸಲೂ ಆಗದೆ ಒಪ್ಪಲೂ ಆಗದೆ, ಇನ್ನೊಂದೇ ವರ್ಷ ನೋಡೋಣ ಎಂದರು.

ಹೊಸ ನಮೂನೆಯ ಕೊನೆಯಲ್ಲಿ ಸಂಶೋಧಕಿ ಹಟ ಹಿಡಿದು 'ಯಾಕೆ?' ಎಂಬುದರ ಕೆಳಗೆ ನಾಲ್ಕು ಖಾಲಿ ಸಾಲು ಬಿಡಿಸಿದ್ದಳು. ಮೊದಲ ಓಣಿಯ ಮೊದಲ ಬಾಗಿಲು ತಟ್ಟಿದಳು. "ಕೈ ಒದ್ದೆ ಇದೆ, ಕೂತ್ಕೊಳಿ, ಬಂದೆ!" ಎಂದು ಒಳಗಿನಿಂದ ದನಿ ಬಂತು. ಅವಳು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿಗೆ ಹಾರದಂತೆ ಅಂಗೈ ಒತ್ತಿ, ಪಾತ್ರೆಯ ಸದ್ದು ನಿಲ್ಲುವುದನ್ನು ಕಾಯುತ್ತ ಕುಳಿತಳು.